ನಡುಹಗಲಲ್ಲಿ ಕುರಿಗಳು ತಲೆ ತಗ್ಗಿಸುವುದೇಕೆ

ಭೂಮಿಯ ಮೈಯಿಂದ ಹೊಸ ಮಡಕೆಯ ವಾಸನೆ ಇನ್ನೂ ಹೋಗಿರದ ಕಾಲ ಅದು. ಬೆಟ್ಟಗಳು ತಾವೆಲ್ಲಿ ಕೂರಬೇಕು ಎಂದು ಆಗಷ್ಟೇ ಗೊತ್ತುಮಾಡಿಕೊಂಡು ಕೂತಿದ್ದವು. ಹಳ್ಳಗಳು ಇಳಿಜಾರು ಯಾವ ಕಡೆ ಎಂದು ಕೇಳಿ ಕೇಳಿ ಹರಿಯುತ್ತಿದ್ದವು. ಯಾರಿಗೂ ಎಲ್ಲವೂ ಗೊತ್ತಿರಲಿಲ್ಲ. ಅದಕ್ಕೇ ಎಲ್ಲರೂ ಎಲ್ಲರನ್ನೂ ಮಾತಾಡಿಸುತ್ತಿದ್ದರು.

ಆಗ ಒಂದು ಕೆಂಪು ಮರಡಿಯ ಮೇಲೆ ಕುರಿಗಾರರ ಮನೆಯೊಂದಿತ್ತು. ಮರಡಿ ಎಂದರೆ ಚಿಕ್ಕ ಗುಡ್ಡ, ಮಗೂ. ಆ ಮನೆಯಲ್ಲಿ ಮಾಳಪ್ಪ ಇದ್ದ, ಅವನ ಹೆಂಡತಿ ಜಕ್ಕವ್ವ ಇದ್ದಳು, ಮಾಳಪ್ಪನ ತಾಯಿ ಹೊನ್ನಜ್ಜಿ ಇದ್ದಳು. ಇನ್ನೂ ಹೆಜ್ಜೆ ಇಡಲು ಬಾರದ ನೀಲಿ ಎಂಬ ಹೆಣ್ಣುಕೂಸೂ ಇತ್ತು.

ಮಾಳಪ್ಪನದು ಕಡಿಮೆ ಮಾತು. ಅವನಿಗೆ ಒಂದೊಂದು ಕುರಿಯ ಹೆಸರೂ ಗೊತ್ತಿತ್ತು, ಒಂದೊಂದು ಕುರಿಯ ಕೆಮ್ಮೂ ಗೊತ್ತಿತ್ತು. ಜಕ್ಕವ್ವ ಹಾಗಲ್ಲ. ಅವಳಿಗೆ ಕೇಳುವ ಚಟ. ಇರುವೆ ಸಾಲು ಕಂಡರೆ "ಎಲ್ಲಿಗೆ ಹೊಂಟೀರವ್ವಾ?" ಎಂದು ಕೇಳುವಳು. ಕಲ್ಲು ಉರುಳಿದರೆ "ಯಾಕಪಾ, ಅಲ್ಲಿ ಚಲೋ ಇರಲಿಲ್ಲೇನು?" ಎಂದು ಕೇಳುವಳು. ಒಲೆಯ ಮೇಲೆ ಅಂಬಲಿ ಉಕ್ಕುತ್ತಿದ್ದರೂ ಅದು ಏಕೆ ಉಕ್ಕುತ್ತದೆ ಎಂದು ನೋಡುತ್ತ ನಿಂತುಬಿಡುವಳು. ಆಗ ಹೊನ್ನಜ್ಜಿ ಓಡಿ ಬಂದು ಗಡಿಗೆ ಇಳಿಸುವಳು.

"ನಿನ್ನ ಸೊಸೀ ಮಾಡಿಕೊಂಡ ಮ್ಯಾಲ ನನ್ನ ಮೊಣಕಾಲು ಗಟ್ಟಿ ಆದ್ವು ನೋಡವಾ," ಎಂದು ಹೊನ್ನಜ್ಜಿ ನಗುವಳು.

ಆ ಕಾಲದ ಕುರಿಗಳು ಈಗಿನ ಕುರಿಗಳ ಹಾಗಿರಲಿಲ್ಲ. ಮಂದೆಯಾಗಿ ಇರುವುದು ಅವಕ್ಕೆ ತಿಳಿದಿರಲಿಲ್ಲ. ಮರಡಿಯ ತುಂಬ ಬನ್ನಿ, ಜಾಲಿ, ಬೇವಿನ ಮರಗಳು. ಒಂದೊಂದು ಕುರಿಗೆ ಒಂದೊಂದು ಮರ. ಬಿಸಿಲು ಏರಿದ ಕೂಡಲೇ ಪ್ರತಿ ಕುರಿಯೂ ತನ್ನ ಮರದ ಕೆಳಗೆ ಹೋಗಿ, ತಲೆ ಎತ್ತಿಕೊಂಡು, ಒಂಟಿಯಾಗಿ ನಿಲ್ಲುತ್ತಿತ್ತು. ಇನ್ನೊಂದು ಕುರಿ ಹತ್ತಿರ ಬಂದರೆ ಕಾಲು ಕೆರೆಯುತ್ತಿತ್ತು.

"ಇದು ನನ್ನ ನೆರಳು. ಆಚಿ ಸರಿ."

ಎಲ್ಲಕ್ಕಿಂತ ದೊಡ್ಡ ಬನ್ನಿಯ ಮರ ಹುಲಿಯನದು. ಹುಲಿಯ ಎಂದರೆ ಮಾಳಪ್ಪನ ಟಗರು. ಅದರ ಕೊಂಬುಗಳು ಕಿವಿಯನ್ನು ಸುತ್ತಿ ಬಂದಿದ್ದವು. ಎಲ್ಲಕ್ಕಿಂತ ಚಿಕ್ಕ ಜಾಲಿಯ ಮರ ಬೊಟ್ಟಿಯದು. ಬೊಟ್ಟಿ ಎಂದರೆ ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಕುರಿ. ಅದರ ಹಿಂಗಾಲು ಕುಂಟು. ಆದರೆ ಅದರ ಹಾಲು ಗಟ್ಟಿ. ಕೂಸು ನೀಲಿಗೆ ದಿನಾ ಕುಡಿಸುತ್ತಿದ್ದುದು ಬೊಟ್ಟಿಯ ಹಾಲನ್ನೇ.

ಹೀಗಿರುವಾಗ ಒಂದು ವರ್ಷ ಮುಂಗಾರಿನ ಗಾಳಿ ಬರಿಗೈಯಲ್ಲಿ ಬಂತು.

ಜಕ್ಕವ್ವ ಅಂಗಳದಲ್ಲಿ ನಿಂತು ಕೇಳಿದಳು. "ಗಾಳಿಯಪ್ಪಾ, ಒಬ್ಬನ ಬಂದೀಯಲ್ಲ? ಮೋಡ ಎಲ್ಲಿ?"

ಗಾಳಿ ತಲೆ ಕೆರೆದುಕೊಂಡಿತು. "ಸಮುದ್ರದ ದಂಡೆಗೆ ಹೋಗಿ ಯಾವತ್ತಿನಂತೆ ಕರೆದೆ, ತಾಯಿ. ನೀನು ಮುಂದೆ ನಡಿ, ನಾವು ಹಿಂದಿನಿಂದ ಬರುತ್ತೇವೆ ಎಂದವು. ಅರ್ಧ ದಾರಿಗೆ ಬಂದು ತಿರುಗಿ ನೋಡಿದರೆ ಒಂದೂ ಇಲ್ಲ."

"ಮತ್ತ ಹೋಗಿ ಕರಿ."

"ಹೋಗುತ್ತೇನೆ," ಎಂದಿತು ಗಾಳಿ. ಆದರೆ ನಾಚಿಕೆಯಿಂದ ಅದು ಯಾವುದೋ ಕಣಿವೆಯಲ್ಲಿ ಹೋಗಿ ಅಡಗಿತು.

ಲೋಕಕ್ಕೆ ಅದೇ ಮೊದಲು. ಮಳೆ ಬರದೆ ಇರಬಹುದು ಎಂದು ಯಾರಿಗೂ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಎದ್ದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. "ಮಳೆ ಬಂತೇ?" "ಬರಲಿಲ್ಲ." ಗುಬ್ಬಿ ಹಾವನ್ನು ಕೇಳುತ್ತಿತ್ತು, ಹಾವು ಕಪ್ಪೆಯನ್ನು ಕೇಳುತ್ತಿತ್ತು. "ಮಳೆ ಬಂತೇ?" "ಬರಲಿಲ್ಲ." ಬರುಬರುತ್ತ ಎಲ್ಲರ ನಾಲಿಗೆಯೂ ಒಣಗಿತು. ಪೂರ್ತಿ ಮಾತು ಆಡಲು ಬಾಯಲ್ಲಿ ಪಸೆ ಉಳಿಯಲಿಲ್ಲ. ಕೊನೆಗೆ "ಬರ..." ಎಂದು ಅಷ್ಟಕ್ಕೇ ನಿಲ್ಲಿಸುತ್ತಿದ್ದರು. ಆ ಕೆಟ್ಟ ದಿನಗಳಿಗೆ ಅದೇ ಹೆಸರಾಯಿತು.

ಹುಲ್ಲು ಮೊದಲು ಹೋಯಿತು. ಕುರಿಗಳು ಹುಲ್ಲಿನ ಬೇರನ್ನು ಗೊರಸಿನಿಂದ ಕೆದರಿ ತಿಂದವು. ಆಮೇಲೆ ಬೇರೂ ಹೋಯಿತು. ಕುರಿಗಳ ಪಕ್ಕೆಯ ಎಲುಬು ಉಣ್ಣೆಯೊಳಗಿಂದ ಕೈಗೆ ಸಿಗತೊಡಗಿದವು. ಬೊಟ್ಟಿಯ ಕೆಚ್ಚಲು ಬತ್ತಿತು. ಜಕ್ಕವ್ವನ ಎದೆಯ ಹಾಲೂ ಬತ್ತಿತು. ನೀಲಿ ಅಳುವುದನ್ನು ನಿಲ್ಲಿಸಿ ಸುಮ್ಮನೆ ಮಲಗಿರತೊಡಗಿದಳು. ಅಳುತ್ತಿದ್ದರೇ ಎಷ್ಟೋ ಚೆನ್ನಾಗಿತ್ತು ಎಂದು ಜಕ್ಕವ್ವನಿಗೆ ಅನ್ನಿಸುತ್ತಿತ್ತು.

ಹೊನ್ನಜ್ಜಿ ಅಂಬಲಿಯ ಬಟ್ಟಲನ್ನು ಜಕ್ಕವ್ವನ ಕಡೆ ಸರಿಸುತ್ತಿದ್ದಳು. "ನಂದು ಆತವಾ. ನೀ ಕುಡಿ."

"ಯಾವಾಗ ಉಂಡ್ರಿ ಅತ್ತೀ?"

"ನೀ ಆಕಾಶ ನೋಡಾಕತ್ತಿದ್ದಿ, ಆವಾಗ."

ಮೊದಲೇ ಕಡಿಮೆ ಮಾತಿನ ಮಾಳಪ್ಪ ಈಗ ಮನೆಯವರೊಂದಿಗೆ ಮಾತನ್ನೇ ಬಿಟ್ಟ. ಸಂಜೆ ಕುರಿ ಎಣಿಸುವುದನ್ನೂ ಬಿಟ್ಟ. ಎಣಿಸಿದರೆ ಕಡಿಮೆಯಾದುದು ಗೊತ್ತಾಗುತ್ತದೆ ಎಂಬ ಹೆದರಿಕೆ ಅವನಿಗೆ.

ಒಂದು ದಿನ ದೊಡ್ಡ ಬನ್ನಿಯ ಮರ ಅವನನ್ನು ಕರೆಯಿತು. "ಮಾಳಪ್ಪಾ, ನನ್ನ ಎಲೆ ಇನ್ನೂ ಹಸಿರಾಗಿದೆ. ನನ್ನ ಬೇರು ಆಳಕ್ಕೆ ಇಳಿದಿದೆ. ಕೊಂಬೆ ಕಡಿದು ಕುರಿಗಳಿಗೆ ಹಾಕು."

"ನಿನಗ ನೋವಾಗೂದಿಲ್ಲೇನು?"

"ಆಗುತ್ತದೆ. ಆದರೆ ಚಿಗುರುವುದು ನನಗೆ ಗೊತ್ತು. ನಿನ್ನ ಕುರಿಗಳಿಗೆ ಅದು ಗೊತ್ತಿಲ್ಲವಲ್ಲ."

ಮಾಳಪ್ಪ ಉದ್ದದ ಕೋಲಿನ ತುದಿಗೆ ಕುಡುಗೋಲು ಕಟ್ಟಿ ಬನ್ನಿಯ ಸೊಪ್ಪನ್ನು ಇಳಿಸಿದ. ಕುರಿಗಳು ಮುಗಿಬಿದ್ದು ತಿಂದವು. ಮರುದಿನ ಇನ್ನೊಂದು ಮರ. ಅದರ ಮರುದಿನ ಮತ್ತೊಂದು. ಬೊಟ್ಟಿಯ ಚಿಕ್ಕ ಜಾಲಿಯೂ ತನ್ನ ಕಾಯಿ, ಎಲೆ ಎಲ್ಲ ಕೊಟ್ಟಿತು. ಹೀಗೆ ಕೊಟ್ಟು ಕೊಟ್ಟು ಮರಡಿಯ ಮೇಲೆ ಬರೀ ಬೊಡ್ಡೆಗಳು ಉಳಿದವು.

ಆ ಮಧ್ಯಾಹ್ನ ಕುರಿಗಳು ತಮ್ಮ ತಮ್ಮ ಮರದ ಹತ್ತಿರ ಹೋದವು. ಮರ ಇತ್ತು, ನೆರಳಿರಲಿಲ್ಲ. ತಾವು ತಿಂದದ್ದು ಏನನ್ನು ಎಂದು ಅವಕ್ಕೆ ಆಗ ತಿಳಿಯಿತು.

"ನೆರಳು! ನೆರಳು!" ಎಂದು ಕುರಿಗಳು ಅರಚಿದವು.

ಆ ಕೂಗು ಮೇಲೆ ಸೂರ್ಯನಿಗೆ ಕೇಳಿಸಿತು.

ಅಲ್ಲಿಯವರೆಗೆ ಸೂರ್ಯ ಭೂಮಿಯನ್ನು ಸರಿಯಾಗಿ ನೋಡಿರಲಿಲ್ಲ, ಮಗೂ. ಅವನು ಬಗ್ಗಿ ನೋಡಬೇಕು ಎನ್ನುವಷ್ಟರಲ್ಲಿ ಯಾವುದಾದರೊಂದು ಮೋಡ ಅಡ್ಡ ಬರುತ್ತಿತ್ತು. ಈಗ ಮೋಡವೇ ಇಲ್ಲ. ಎಲ್ಲವೂ ನಿಚ್ಚಳ. ಇರುವೆಯ ಕಾಲು ಕೂಡ ಕಾಣುತ್ತಿತ್ತು. ಸೂರ್ಯನಿಗೆ ಖುಷಿಯೋ ಖುಷಿ. ಅದೇನು, ಇದೇನು ಎಂದು ನೋಡುತ್ತಿದ್ದವನ ಕಿವಿಗೆ ಒಂದು ಹೊಸ ಮಾತು ಬಿತ್ತು.

"ನೆರಳಾ? ಹಾಗೆಂದರೇನು? ಎಲ್ಲಿದೆ ಅದು? ನನಗೆ ಕಾಣುತ್ತಿಲ್ಲವಲ್ಲ!"

ಸೂರ್ಯ ಸ್ವಲ್ಪ ಕೆಳಗೆ ಬಾಗಿದ. ಕಲ್ಲಿನ ಹಿಂದೆ ನೋಡಿದ. ಅಲ್ಲಿರಲಿಲ್ಲ. ಮನೆಯ ಗೋಡೆಯ ಹಿಂದೆ ನೋಡಿದ. ಅಲ್ಲೂ ಇರಲಿಲ್ಲ. ಅವನು ಯಾವ ಕಡೆ ಮುಖ ತಿರುಗಿಸುತ್ತಾನೋ ಆ ಕಡೆ ನೆರಳು ಇರುವುದಿಲ್ಲವಲ್ಲ! ಪಾಪ, ಅದು ಅವನಿಗೆ ಗೊತ್ತಿರಲಿಲ್ಲ.

ಅವನು ಬಾಗಿದಷ್ಟೂ ಭೂಮಿ ಕಾಯುತ್ತಿತ್ತು. ಭೂಮಿ ಕಾದಷ್ಟೂ ಎಲ್ಲರೂ "ನೆರಳು, ನೆರಳು" ಎಂದು ಇನ್ನಷ್ಟು ಕೂಗುತ್ತಿದ್ದರು. ಅವರು ಕೂಗಿದಷ್ಟೂ ಅವನಿಗೆ ಕುತೂಹಲ ಹೆಚ್ಚಾಗುತ್ತಿತ್ತು.

"ಎಲ್ಲಿದೆ? ಎಲ್ಲಿದೆ?" ಎಂದು ಮತ್ತೂ ಕೆಳಗೆ ಬಾಗುತ್ತಿದ್ದ.

ಮರಡಿಯ ಬುಡದಲ್ಲಿದ್ದ ಹಳ್ಳ ಮರಳಿನೊಳಗೆ ಇಳಿಯಿತು. ಜಕ್ಕವ್ವ ಮರಳು ತೋಡಿ ಒರತೆ ಮಾಡಿ, ಜಿನುಗಿದ ನೀರನ್ನು ಚಿಪ್ಪಿನಿಂದ ಎತ್ತಿ ತುಂಬಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಒರತೆಯೊಳಗಿಂದ ಸಣ್ಣ ದನಿ ಬಂತು.

"ಜಕ್ಕವ್ವಾ, ಇನ್ನು ನನ್ನಿಂದಾಗದು. ನಾನು ಇನ್ನೂ ಕೆಳಗೆ ಹೋಗುತ್ತೇನೆ. ಬಡಗಣ ದಿಕ್ಕಿಗೆ ನಮ್ಮ ಹಿರಿಯಕ್ಕ ಇದ್ದಾಳೆ, ದೊಡ್ಡ ಹೊಳೆ. ಅವಳು ಬತ್ತುವವಳಲ್ಲ. ಅಲ್ಲಿಗೆ ನಡೆಯಿರಿ."

ಜಕ್ಕವ್ವ ಓಡಿ ಬಂದು ಗಂಡನಿಗೆ ಹೇಳಿದಳು. ಮಾಳಪ್ಪ ಬಹಳ ಹೊತ್ತು ಕುರಿಗಳನ್ನೇ ನೋಡುತ್ತ ಕೂತ. ಆಮೇಲೆ ಎಷ್ಟೋ ದಿನಗಳ ನಂತರ ಬಾಯಿ ಬಿಟ್ಟ.

"ಎಲ್ಲಾನೂ ಹೊಡಕೊಂಡು ಹೋಗಾಕ ಆಗೂದಿಲ್ಲ ಜಕ್ಕಿ. ನಡುವ ಎರಿ ಬಯಲು ದಾಟಬೇಕು. ಅಲ್ಲಿ ಒಂದು ಗಿಡ ಇಲ್ಲ. ಗಟ್ಟಿ ಇದ್ದುವನ್ನ ಕರಕೊಂಡು ಹೋಗೂಣು. ಮುದೀವು, ಕುಂಟೂವು, ಗಬ್ಬದಾವು ಇಲ್ಲೇ ಇರಲಿ."

ಬೊಟ್ಟಿ ಕುಂಟೂ ಹೌದು, ಆಗ ಗಬ್ಬವೂ ಹೌದು.

"ಇಲ್ಲೇ ಇರಲಿ ಅಂದ್ರ ಏನು?" ಎಂದಳು ಜಕ್ಕವ್ವ.

ಮಾಳಪ್ಪ ಎದ್ದು ಕಂಬಳಿ ಮಡಚತೊಡಗಿದ. ಯಾವುದನ್ನೂ ಕೇಳದೆ ಬಿಡದ ಜಕ್ಕವ್ವ ಕೂಡ ಆ ಪ್ರಶ್ನೆಯನ್ನು ಎರಡನೇ ಸಲ ಕೇಳಲಿಲ್ಲ.

ಹೊನ್ನಜ್ಜಿ ಬಾಗಿಲ ಹತ್ತಿರ ಕೂತಿದ್ದವಳು ಹೇಳಿದಳು. "ಹಂಗಾದ್ರ ನನ್ನೂ ಇಲ್ಲೇ ಬಿಡಪಾ. ನಾನೂ ಮುದುಕೀನ, ನಾನೂ ಕುಂಟಾಕೀನ. ಬೊಟ್ಟಿ ಜೋಡಿ ಮಾತಾಡಿಕೊಂಡು ಇರ್ತೀನಿ."

"ಅವ್ವಾ, ಹಂಗ ಅನಬ್ಯಾಡ."

"ನಿನ್ನ ಮಗಳು ಯಾರ ಹಾಲು ಕುಡುದು ಇಷ್ಟಾಗ್ಯಾಳ, ಅದನ್ನ ನೋಡಿ ಹೇಳು."

ಮಾಳಪ್ಪ ಅತ್ತ ತಿರುಗಿ ಕಣ್ಣು ಒರೆಸಿಕೊಂಡ. ಅವನ ಮನಸ್ಸು ಕಲ್ಲಲ್ಲ. ಎಲ್ಲವನ್ನೂ ಉಳಿಸಿಕೊಳ್ಳಲು ಹೋದರೆ ಕೂಸೂ ಕೈಬಿಟ್ಟು ಹೋಗುತ್ತದೆ ಎಂದು ಅವನಿಗೆ ಭಯ. ಅವನು ಹೇಳಿದ್ದು ಆ ಭಯಕ್ಕೆ.

ಬೆಳಕು ಹರಿಯುವಾಗ ಹೊರಟರು. ಜಕ್ಕವ್ವ ನೀಲಿಯನ್ನು ಕಂಬಳಿಯ ಜೋಳಿಗೆಯಲ್ಲಿ ಬೆನ್ನಿಗೆ ಕಟ್ಟಿಕೊಂಡಳು. ಮಾಳಪ್ಪ ಒಂದು ಕೈಯಲ್ಲಿ ತಾಯಿಯನ್ನು ಹಿಡಿದುಕೊಂಡ. ಹುಲಿಯ ಮತ್ತು ಗಟ್ಟಿ ಕುರಿಗಳು ಮುಂದೆ ನಡೆದವು. ಉಳಿದವನ್ನು ಮಾಳಪ್ಪ ಹಟ್ಟಿಯೊಳಗೇ ಬಿಟ್ಟು, ಬೇಲಿಯ ಬಾಯಿಗೆ ಮುಳ್ಳಿನ ಕೊಂಬೆಯನ್ನು ಅಡ್ಡ ಎಳೆದಿದ್ದ. ಗಟ್ಟಿಯಾಗಿ ಎಳೆಯಲು ಅವನ ಕೈ ಬಂದಿರಲಿಲ್ಲ.

ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ, ಬೊಟ್ಟಿ ಕುಂಟುತ್ತ ಬರುತ್ತಿತ್ತು. ಅದರ ಹಿಂದೆ ಮುದಿ ಕುರಿಗಳು, ಅವುಗಳ ಹಿಂದೆ ಗಬ್ಬದ ಕುರಿಗಳು.

"ಹೋಗ್ರಿ! ಹಿಂದಕ್ಕ ಹೋಗ್ರಿ!" ಎಂದು ಮಾಳಪ್ಪ ಮಣ್ಣಿನ ಹೆಂಟೆಯೊಂದನ್ನು ಎತ್ತಿಕೊಂಡ. ಎತ್ತಿದ ಕೈ ಹಾಗೇ ನಿಂತಿತು. ಎಸೆಯಲಾಗಲಿಲ್ಲ.

ಬೊಟ್ಟಿ ಬಂದು ಅವನ ಕಾಲ ಹತ್ತಿರ ನಿಂತಿತು. "ಮಾಳಪ್ಪಾ, ಮುಳ್ಳು ತಾನ ಸರೀತು. ನಾವು ನಿಧಾನಕ್ಕ ಬರ್ತೀವಿ. ನೀವು ನಮಗ ಕಾಯಬ್ಯಾಡ್ರಿ."

ಮಾಳಪ್ಪ ಹೆಂಟೆಯನ್ನು ಕೈಯಲ್ಲೇ ಪುಡಿಮಾಡಿ ಕೆಳಗೆ ಬಿಟ್ಟ. ಎಲ್ಲರೂ ನಡೆದರು.

ಎರೆ ಬಯಲು ಶುರುವಾಯಿತು. ಕಪ್ಪು ಮಣ್ಣು ಬಿರಿದು, ಬಿರುಕಿನಲ್ಲಿ ಕುರಿಯ ಕಾಲು ಸಿಕ್ಕಿಕೊಳ್ಳುವಂತಿತ್ತು. ಕಣ್ಣು ಹಾಯಿಸಿದಷ್ಟು ದೂರ ಒಂದು ಮರವಿಲ್ಲ, ಒಂದು ಪೊದೆಯಿಲ್ಲ. ಸೂರ್ಯ ನೆತ್ತಿಗೆ ಬಂದ. ಅವನಿಗಂತೂ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ. ಅಡ್ಡ ಏನೂ ಇಲ್ಲ!

"ಎಲ್ಲಿದೆ? ಎಲ್ಲಿದೆ?" ಎಂದು ಅವನು ಬಾಗಿದ.

ಕುರಿಗಳು ಅವತ್ತಿಗೂ ತಮ್ಮ ಹಳೇ ಚಾಳಿ ಬಿಟ್ಟಿರಲಿಲ್ಲ. ನೆರಳು ಬೇಕಾದ ಕೂಡಲೇ ಒಂದೊಂದೂ ಒಂದೊಂದು ದಿಕ್ಕಿಗೆ ಓಡಿದವು. ಒಂದು ಕುರಿ ದೊಡ್ಡ ಕಲ್ಲೊಂದರ ಹತ್ತಿರ ಹೋಯಿತು. "ನನ್ನ ನೆರಳನ್ನು ನಾನೇ ಈಗ ಕೆಳಗೆ ಹಾಕಿಕೊಂಡು ಕೂತಿದ್ದೇನೆ," ಎಂದಿತು ಕಲ್ಲು. ಒಂದು ಮರಿ, ಆಕಾಶದಲ್ಲಿ ಹಾರುತ್ತಿದ್ದ ಹದ್ದಿನ ನೆರಳು ನೆಲದ ಮೇಲೆ ಹೋಗುವುದನ್ನು ಕಂಡು ಅದರ ಹಿಂದೆ ಓಡಿತು. ನೆರಳು ಮುಂದೆ ಮುಂದೆ, ಮರಿ ಹಿಂದೆ ಹಿಂದೆ.

"ಬರಬೇಡ ಕೂಸೇ, ನನ್ನ ನೆರಳು ನಿಲ್ಲುವಂಥದ್ದಲ್ಲ," ಎಂದು ಹದ್ದು ಮೇಲಿಂದ ಕೂಗಿತು. ಮರಿಗೆ ಕೇಳಿಸಲಿಲ್ಲ. ಓಡಿ ಓಡಿ ಮುಗ್ಗರಿಸಿ ಬಿತ್ತು. ಮತ್ತೆ ಏಳಲಿಲ್ಲ.

ಮಾಳಪ್ಪ ಹೋಗಿ ಮರಿಯನ್ನು ಎತ್ತಿಕೊಂಡು ಬಂದ. ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಿಸಿಲಿನಲ್ಲೇ ಕೂತುಬಿಟ್ಟ.

"ಮುಗೀತು ಜಕ್ಕಿ," ಎಂದ. "ನನ್ನ ಕೈಲೇ ಆಗೂದಿಲ್ಲ."

ಜಕ್ಕವ್ವ ಎರಡು ಕೋಲು ನೆಟ್ಟು, ಅವುಗಳ ಮೇಲೆ ಕಂಬಳಿ ಹೊದಿಸಿ, ಕೆಳಗೆ ಹೊನ್ನಜ್ಜಿಯನ್ನೂ ನೀಲಿಯನ್ನೂ ಕೂರಿಸಿದಳು. ಇದ್ದುದು ಒಂದೇ ಕಂಬಳಿ. ಆಮೇಲೆ ಬಯಲಿನ ನಡುವೆ ಹೋಗಿ ನಿಂತು, ಹಣೆಗೆ ಕೈ ಅಡ್ಡ ಇಟ್ಟು, ಮೇಲೆ ನೋಡಿದಳು.

"ಸೂರ್ಯಪ್ಪಾ! ಯಾಕ ಇಷ್ಟು ಹತ್ತರ ಬರಾಕತ್ತೀದಿ? ನಾವು ನಿನಗೇನು ಮಾಡೀವಿ?"

ಸೂರ್ಯನಿಗೆ ಆಶ್ಚರ್ಯವಾಯಿತು. ಅಲ್ಲಿಯವರೆಗೆ ಅವನನ್ನು ಯಾರೂ ಏನೂ ಕೇಳಿರಲಿಲ್ಲ.

"ಏನೂ ಮಾಡಿಲ್ಲ ತಾಯಿ. ನೀವೆಲ್ಲ ನೆರಳು ನೆರಳು ಎನ್ನುತ್ತೀರಲ್ಲ, ಅದನ್ನು ನೋಡಲು ಬಂದೆ. ಅದು ಯಾವ ಬಣ್ಣ? ಎಷ್ಟು ಎತ್ತರ? ಅದಕ್ಕೆ ಕಾಲಿದೆಯೇ? ನಾನು ಬಂದ ಕೂಡಲೇ ಎಲ್ಲಿ ಹೋಗುತ್ತದೆ?"

ಜಕ್ಕವ್ವನ ತುಟಿ ಒಡೆದು ರಕ್ತ ಬಂದಿತ್ತು. ಆದರೂ ಅವಳಿಗೆ ನಗು ಬಂತು. "ಅಯ್ಯ ನನ್ನಪ್ಪಾ! ಇಷ್ಟ ಏನು? ಇದಕ್ಕಾಗಿ ನಮ್ಮನ್ನ ಹುರಿಯಾಕತ್ತೀದಿ?"

"ಒಂದು ಸಲ ತೋರಿಸು. ಅದು ಇದೆ ಎಂದು ಗೊತ್ತಾದರೆ ಸಾಕು, ನನ್ನ ಜಾಗಕ್ಕೆ ನಾನು ಹೋಗುತ್ತೇನೆ."

ತೋರಿಸಬೇಕಲ್ಲ! ಜಕ್ಕವ್ವ ಸುತ್ತ ನೋಡಿದಳು. ಎಲ್ಲಿದೆ ನೆರಳು? ತನ್ನ ಕಾಲ ಬುಡ ನೋಡಿಕೊಂಡಳು. ಅಲ್ಲಿ, ಪಾದದ ಸುತ್ತ, ರೊಟ್ಟಿಯಷ್ಟಗಲ ಅವಳ ನೆರಳು ಮುದುಡಿಕೊಂಡು ಬಿದ್ದಿತ್ತು. ಅದರೊಳಗೆ ಹೋಗಿ ನಿಲ್ಲೋಣ ಎಂದು ಒಂದು ಹೆಜ್ಜೆ ಇಟ್ಟಳು. ನೆರಳೂ ಒಂದು ಹೆಜ್ಜೆ ಇಟ್ಟಿತು. ಥಟ್ಟನೆ ಹಿಂದಕ್ಕೆ ಹಾರಿದಳು. ನೆರಳೂ ಹಾರಿತು. ಕೂತಳು. ನೆರಳೂ ಕೂತಿತು.

"ಏನು ಮಾಡಾಕತ್ತೀದಿ?" ಎಂದ ಮಾಳಪ್ಪ. "ಬಿಸಲು ತಲಿಗೇರಿತೇನು?"

"ನೀವು ಒಂದೀಟು ಇಲ್ಲಿ ಬರ್ರಿ."

"ಯಾಕ?"

"ಬರ್ರಿ ಅಂದ್ರ ಬರ್ರಿ."

ಮಾಳಪ್ಪ ಸತ್ತ ಮರಿಯನ್ನು ಮೆಲ್ಲಗೆ ನೆಲಕ್ಕೆ ಇಳಿಸಿ ಎದ್ದು ಬಂದ. ಜಕ್ಕವ್ವ ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅವನ ಮೈಗೆ ಒತ್ತಿಕೊಂಡಳು. ಅವನ ನೆರಳು ಅವಳ ನೆತ್ತಿಯ ಮೇಲೆ ಬಿತ್ತು. ಆ ಒಂದು ಅಂಗೈಯಗಲ ಜಾಗದಲ್ಲಿ ತಂಪು ಅನ್ನಿಸಿತು.

"ನನ್ನ ನೆಳ್ಳು ನನಗ ಸಿಗವಲ್ಲದು ನೋಡ್ರಿ," ಎಂದಳು. "ನಿಮ್ಮದು ಸಿಗತೈತಿ."

ಮಾಳಪ್ಪನಿಗೆ ಅರ್ಥವಾಗಲಿಲ್ಲ. ಜಕ್ಕವ್ವ ಆಗಲೇ ಎದ್ದು ಹುಲಿಯನ ಕಡೆ ಓಡಿದ್ದಳು. ಟಗರು ಬಯಲಿನ ನಡುವೆ ಒಂಟಿಯಾಗಿ ನಿಂತು, ನಾಲಿಗೆ ಚಾಚಿ ತೇಕುತ್ತಿತ್ತು. ಅದರಿಂದ ಸ್ವಲ್ಪ ದೂರದಲ್ಲಿ ಬೊಟ್ಟಿ ಕಾಲು ಮಡಚಿ ಬಿದ್ದಿತ್ತು.

"ಹುಲಿಯಾ, ಬೊಟ್ಟಿ ಹತ್ತರ ಹೋಗಿ ನಿಲ್ಲು. ನಿನ್ನ ನೆಳ್ಳು ಆಕಿ ತಲಿ ಮ್ಯಾಲ ಬೀಳಲಿ."

ಹುಲಿಯ ಕಾಲು ಕೆರೆಯಿತು. "ನನ್ನ ನೆಳ್ಳು ಆಕಿಗೆ ಕೊಟ್ರ ನನಗೇನು ಉಳೀತು?"

"ಈಗ ನಿನಗೇನು ಐತಿ? ನಿನ್ನ ನೆಳ್ಳು ಎಲ್ಲೈತಿ, ತೋರಿಸು ನೋಡೂಣು."

ಹುಲಿಯ ಅತ್ತ ನೋಡಿತು, ಇತ್ತ ನೋಡಿತು. ಆಮೇಲೆ ಕತ್ತು ಬಗ್ಗಿಸಿ ತನ್ನ ಹೊಟ್ಟೆಯ ಕೆಳಗೆ ನೋಡಿಕೊಂಡಿತು. ಅಲ್ಲಿತ್ತು, ಕಪ್ಪಗೆ, ದುಂಡಗೆ.

"ಅರೆ! ಇಷ್ಟು ದಿನ ಇದು ಇಲ್ಲೇ ಇತ್ತೇನು?"

"ಇಲ್ಲೇ ಇತ್ತು. ನಿನ್ನ ಹೊಟ್ಟಿ ಕೆಳಗ ನಿನ್ನ ತಲಿ ಹೋಗೂದಿಲ್ಲ. ಇನ್ನೊಬ್ಬರ ತಲಿ ಹೋಗತೈತಿ."

ಹುಲಿಯ ಬಹಳ ಯೋಚಿಸಿತು. ಕುರಿಗಳು ಯೋಚಿಸುವುದು ನಿಧಾನ. ಆಮೇಲೆ ಹೆಜ್ಜೆ ಹೆಜ್ಜೆ ಇಟ್ಟು ಹೋಗಿ ಬೊಟ್ಟಿಯ ಪಕ್ಕದಲ್ಲಿ ನಿಂತಿತು. ಬೊಟ್ಟಿಯ ತಲೆ ಅದರ ಹೊಟ್ಟೆಯ ಕೆಳಗೆ ಬಂತು. ಬೊಟ್ಟಿ ಕಣ್ಣು ಮುಚ್ಚಿ ಒಂದು ಉದ್ದನೆಯ ಉಸಿರು ಬಿಟ್ಟಿತು.

ಸ್ವಲ್ಪ ಹೊತ್ತಾಯಿತು. ಹುಲಿಯನ ಕಾಲು ನಡುಗುವುದು ಬೊಟ್ಟಿಗೆ ಗೊತ್ತಾಯಿತು.

"ಹುಲಿಯಣ್ಣಾ, ನಿನ್ನ ತಲಿ ಸುಡಾಕತ್ತೈತೇನು?"

"ಇರಲಿ ಬಿಡು. ನೀ ಮಲಕ್ಕೋ."

ಆದರೆ ಮಲಗಿರುವ ಕುರಿಯ ಹತ್ತಿರ ಇನ್ನೊಬ್ಬರಿಗೆ ಕೊಡುವಷ್ಟು ನೆರಳು ಇರುವುದಿಲ್ಲ. ಬೊಟ್ಟಿಗೆ ಅದು ಹೊಳೆಯಿತು. ಅದು ಮುಂಗಾಲನ್ನು ಊರಿತು. ಒಳ್ಳೆಯ ಹಿಂಗಾಲನ್ನು ಊರಿತು. ಕುಂಟುಗಾಲು ಎರಡು ಸಲ ಜಾರಿತು. ಮಾಳಪ್ಪ ಎತ್ತಲು ಮುಂದೆ ಬಂದ. ಅಷ್ಟರಲ್ಲಿ ಅದೇ ಎದ್ದು ನಿಂತಿತು.

"ಈಗ ನೀ ಬಗ್ಗು," ಎಂದಿತು. "ನನ್ನ ಹೊಟ್ಟಿ ಕೆಳಗೂ ಜಾಗ ಐತಿ. ಈಗ ಹೊಟ್ಟಿ ದೊಡ್ಡದೂ ಐತಿ."

ಲೋಕದಲ್ಲಿ ಮೊದಲ ಸಲ ಹುಲಿಯ ಎಂಬ ಟಗರು ತನ್ನ ಕೊಂಬಿನ ತಲೆಯನ್ನು ಬಗ್ಗಿಸಿತು. ಬಗ್ಗಿಸಿ, ಒಂದು ಕುಂಟುಕುರಿಯ ಹೊಟ್ಟೆಯ ಕೆಳಗೆ ಇಟ್ಟಿತು.

ಅಲ್ಲಲ್ಲಿ ಚದುರಿ ನಿಂತಿದ್ದ ಕುರಿಗಳು ಇದನ್ನು ನೋಡಿದವು. ಇದೇನು ಎಂದು ಒಂದು ಬಂತು. ಅದರ ಹಿಂದೆ ಇನ್ನೊಂದು ಬಂತು. ಮುದಿ ಕುರಿಗಳು ಬಂದವು. ಗಬ್ಬದ ಕುರಿಗಳು ಬಂದವು. ಬಂದದ್ದೆಲ್ಲ ತಲೆ ತಗ್ಗಿಸಿ ಪಕ್ಕದ್ದರ ಹೊಟ್ಟೆಯ ಕೆಳಗೆ ತೂರಿಸಿತು. ಸ್ವಲ್ಪ ಹೊತ್ತಿನಲ್ಲಿ ಬಯಲಿನ ನಡುವೆ ಒಂದು ಕರಿಯ ಕಂಬಳಿ ಹಾಸಿದ ಹಾಗೆ ಆಯಿತು. ಮೇಲೆ ಬರೀ ಬೆನ್ನು. ತಲೆ ಒಂದೂ ಕಾಣಲಿಲ್ಲ.

ಮಾಳಪ್ಪ ತಾಯಿ ಕೂತಿದ್ದ ಕಂಬಳಿಯ ಪಕ್ಕಕ್ಕೆ ಬಂದು ನೋಡುತ್ತ ನಿಂತ. ಮುದಿಯವೂ ಕುಂಟುಗಾಲಿನವೂ ಎಲ್ಲಿವೆ, ಗಟ್ಟಿಯವು ಎಲ್ಲಿವೆ, ಅವನಿಗೇ ಗುರುತು ಹತ್ತಲಿಲ್ಲ.

"ಮುಳ್ಳು ನಾ ಗಟ್ಟಿಯಾಗಿ ಎಳದಿದ್ರ..." ಎಂದ. ಹೊನ್ನಜ್ಜಿ ಕಂಬಳಿಯ ಕೆಳಗಿನಿಂದ ಕೈ ಚಾಚಿ ಮಗನ ಪಾದ ಮುಟ್ಟಿದಳು.

ಮೇಲಿಂದ ಸೂರ್ಯ ಕೇಳಿದ. "ತಾಯಿ, ತೋರಿಸು ಎಂದಿದ್ದೆನಲ್ಲ? ಎಲ್ಲಿದೆ?"

"ಅಲ್ಲೇ, ಆ ಕುರಿಗಳ ಕೆಳಗೈತಿ."

ಸೂರ್ಯ ನೋಡಿದ. ಉಣ್ಣೆ ಕಂಡಿತು. ಬೆನ್ನು ಕಂಡಿತು. "ಇಲ್ಲವಲ್ಲ."

"ನೀ ನೋಡಿದ ಕಡೆ ಅದು ಇರೂದಿಲ್ಲಪಾ. ನಿನ್ನ ಕಣ್ಣಿಗೆ ಅದು ಎಂದೂ ಬೀಳೂದಿಲ್ಲ. ಆದ್ರ ಬೊಟ್ಟೀನ ನೋಡು. ಆಗಳೆ ಬಿದ್ದಿತ್ತು, ಈಗ ನಿಂತೈತಿ. ಅದನ್ನ ಎಬ್ಬಿಸಿದ್ದು ಯಾರು?"

ಸೂರ್ಯ ಬೊಟ್ಟಿಯ ಬೆನ್ನನ್ನು ನೋಡಿದ. ಅದರ ಪಕ್ಕೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಬೆಳಗಿನಿಂದ ಅದು ಏದುಸಿರು ಬಿಡುತ್ತಿದ್ದುದನ್ನು ಅವನೇ ಮೇಲಿನಿಂದ ನೋಡಿದ್ದ.

"ಹಾಗಾದರೆ ಅದು ಇದೆ," ಎಂದ ಸೂರ್ಯ.

"ಐತಿ."

ಸೂರ್ಯ ಕೊಟ್ಟ ಮಾತಿನಂತೆ ಹಿಂದಕ್ಕೆ ಸರಿದು ತನ್ನ ಜಾಗಕ್ಕೆ ಹೋದ. ಆದರೂ ಮನಸ್ಸು ತಡೆಯಲಿಲ್ಲ. ಪಡುವಣಕ್ಕೆ ಇಳಿಯುವಾಗ ಪಕ್ಕದಿಂದಲಾದರೂ ಕಂಡೀತೇ ಎಂದು ಬಗ್ಗಿ ಬಗ್ಗಿ ನೋಡಿದ. ಅವನು ಪಡುವಣದಿಂದ ನೋಡಿದರೆ ನೆರಳು ಮೂಡಣಕ್ಕೆ ಉದ್ದವಾಗಿ ಓಡಿತು.

ಬಿಸಿಲು ಇಳಿಯಿತು. ಮಾಳಪ್ಪ ಮರಿಯನ್ನು ಮಣ್ಣು ಮಾಡಿ ಬಂದ. ಕುರಿಗಳು ತಲೆ ಹೊರಗೆ ತೆಗೆದು, ಮೈ ಕೊಡವಿಕೊಂಡು ನಡೆದವು. ಮರುದಿನ ನಡುಹಗಲಲ್ಲೂ ಹಾಗೇ ಒಂದರ ಕೆಳಗೆ ಒಂದು ನಿಂತವು. ಅದರ ಮರುದಿನವೂ ನಿಂತವು. ದಾರಿಯಲ್ಲಿ ಇನ್ನೂ ಕೆಲವು ಕುರಿಗಳು ಹೋದವು, ಮಗೂ. ನೀರೇ ಇಲ್ಲದಾಗ ನೆರಳು ಎಷ್ಟು ದಿನ ಕಾಪಾಡೀತು? ಆದರೆ ಹೆಚ್ಚಿನವು ಉಳಿದವು.

ಕೊನೆಗೆ ಹೊಳೆ ಸಿಕ್ಕಿತು. "ಬನ್ನಿ, ಬನ್ನಿ, ಮೊದಲು ಕೂಸಿಗೆ ಕೊಡಿ," ಎಂದಿತು ದೊಡ್ಡ ಹೊಳೆ. ಜಕ್ಕವ್ವ ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ನೀಲಿಯ ಬಾಯಿಗೆ ಹಿಂಡಿದಳು. ನೀಲಿ ಚಪ್ಪರಿಸಿದಳು. ಆಮೇಲೆ ಇನ್ನೂ ಬೇಕೆಂದು ಕಿರುಚಿ ಅತ್ತಳು. ಆ ಅಳು ಕೇಳಿ ಮಾಳಪ್ಪ ನಕ್ಕ.

ಹೊಳೆಯ ದಂಡೆಯಲ್ಲೇ ಬೊಟ್ಟಿ ಮರಿ ಹಾಕಿತು. ಕೆಚ್ಚಲಿಗೆ ಹಾಲು ಬಂತು. ಒಂದು ಕಡೆ ಮರಿ, ಒಂದು ಕಡೆ ನೀಲಿ.

ಸೂರ್ಯ ಹಿಂದೆ ಸರಿದ ಮೇಲೆ ಗಾಳಿಗೂ ಧೈರ್ಯ ಬಂತು. ಅದು ಕಣಿವೆಯಿಂದ ಹೊರಗೆ ಬಂದು, ಸಮುದ್ರಕ್ಕೆ ಹೋಗಿ, ಈ ಸಲ ಮೋಡಗಳ ಹಿಂದೆ ನಿಂತು ಅವನ್ನು ಮುಂದೆ ಮಾಡಿ ಅಟ್ಟಿಕೊಂಡು ಬಂತು, ಥೇಟ್ ಕುರಿಗಾರನ ಹಾಗೆ. ಮಳೆ ಹುಯ್ದಿತು. ಮಾಳಪ್ಪನ ಸಂಸಾರ ಕುರಿಗಳೊಂದಿಗೆ ಮರಡಿಗೆ ತಿರುಗಿ ಬಂತು. ಬನ್ನಿ ಚಿಗುರಿತ್ತು. ಜಾಲಿ ಹೂ ಬಿಟ್ಟಿತ್ತು.

ಮುಂದಿನ ಬೇಸಿಗೆಯ ಹೊತ್ತಿಗೆ ಮರಗಳು ಮತ್ತೆ ದಟ್ಟವಾದವು. ಮೊದಲ ಬಿಸಿಲಿನ ದಿನ ಹುಲಿಯ ತನ್ನ ದೊಡ್ಡ ಬನ್ನಿಯ ಕೆಳಗೆ ಹೋಗಿ ನಿಂತಿತು. ತಂಪಾಗಿತ್ತು. ಯಾರೂ ಇರಲಿಲ್ಲ. ಹುಲಿಯ ಸ್ವಲ್ಪ ಹೊತ್ತು ತಲೆ ಎತ್ತಿಕೊಂಡು ನಿಂತು, ಅತ್ತಿತ್ತ ನೋಡಿತು. ಬನ್ನಿಯ ಮರ ಕೇಳಿತು. "ಯಾಕೆ, ನನ್ನ ನೆರಳು ಸಾಲದೇ?"

"ಸಾಕಾಗೈತಿ," ಎಂದಿತು ಹುಲಿಯ. "ಆದ್ರ ಇಲ್ಲಿ ನನ್ನ ನೆಳ್ಳು ಯಾರಿಗೂ ಬ್ಯಾಡಾಗೈತಿ."

ಹಾಗೆಂದು ಅದು ಮರದಿಂದ ಹೊರಬಂದು ಬಯಲಿನಲ್ಲಿದ್ದ ಬೊಟ್ಟಿಯ ಕಡೆ ನಡೆಯಿತು.

ಅದಕ್ಕೇ ಮಗೂ, ಬೇಸಿಗೆಯ ನಡುಹಗಲಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ, ಬೋಳು ಹೊಲದ ನಡುವೆ ಕುರಿಗಳೆಲ್ಲ ಒತ್ತಿ ನಿಂತು, ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ಇಟ್ಟುಕೊಂಡಿರುವುದು ಇವತ್ತಿಗೂ ನಿನಗೆ ಕಾಣುತ್ತದೆ.